ನವನಗರದ ಕಥಾ ಕಮ್ಮಟ: ಮೊದಲ ದಿನ ಭರ್ಜರಿ, ಎರಡನೇ ದಿನ ಸಪ್ಪೆ

ಬಾಗಲಕೋಟೆಯ ನವನಗರದಲ್ಲಿ ಶನಿವಾರ, ಭಾನುವಾರ ನಡೆದ ಕಥೆ ಬರೆಯುವ ಕಮ್ಮಟಕ್ಕೆ ಹೋಗಿದ್ದೆ. ನಡೆಸಿದವರ ಹೆಸರು ಹಾಕುವುದಿಲ್ಲ, ಯಾಕಂದ್ರೆ ಸ್ವಲ್ಪ ಬೈಯುವುದೂ ಇದೆ. ಕಥೆಯಲ್ಲಿ ಉಪಮೆ, ರೂಪಕ, ಊರಿನ ಸಂಗತಿಗಳನ್ನು ತರುವುದು ಹೇಗೆ ಅನ್ನೋದು ವಿಷಯ.

ಮೊದಲ ದಿನ ಕೊಟ್ಟ ದುಡ್ಡಿಗೆ ಮೋಸ ಇರಲಿಲ್ಲ. "ಮಗಳ ಮುಖ ಬಾಡಿದ ಹೂವಿನಂತಿತ್ತು" ಅಂತ ಒಬ್ಬರು ತಮ್ಮ ಕಥೆ ಓದಿದರು. ಸರ್ ಕೇಳಿದ್ದು ಒಂದೇ ಪ್ರಶ್ನೆ: ಇದನ್ನು ನೋಡುತ್ತಿರುವವರು ಯಾರು? ಇಳಕಲ್ಲಿನ ನೇಕಾರ, ಹುಡುಗಿಯ ಅಪ್ಪ. ಹಾಗಾದರೆ ಹೂವು ಬಿಡಿ, ಮಗ್ಗ ಎಲ್ಲಿ ಅಂದರು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ರೇಷ್ಮೆ ಹಾಸು ಬೇರೆ, ಎರಡರ ಎಳೆಗಳನ್ನು ಒಂದಕ್ಕೊಂದು ಸಿಕ್ಕಿಸಿ ಸೇರಿಸುತ್ತಾರೆ, ಅದಕ್ಕೆ ಕೊಂಡಿ ಅಂತಾರೆ. ಊಟ ಮುಗಿಸಿ ಬರುವಷ್ಟರಲ್ಲಿ ಆ ಸಾಲು ಬದಲಾಗಿತ್ತು. ಬೀಗರ ಮನೆಯಲ್ಲಿ ಮಗಳನ್ನು ನೋಡಿದ ಅಪ್ಪ "ಕೊಂಡಿ ಗಟ್ಟಿ ಬಿದ್ದಿಲ್ಲ" ಅಂದುಕೊಳ್ಳುತ್ತಾನೆ. ಅಷ್ಟೇ. ಮುಖದ ವರ್ಣನೆಯೇ ಬೇಕಾಗಲಿಲ್ಲ.

ಎರಡನೇ ದಿನ ಗಾಡಿ ಹಳಿ ತಪ್ಪಿತು. "ಸ್ಥಳೀಯ ಸೊಗಡು" ಅಂತ ಒಂದು ಜೆರಾಕ್ಸ್ ಪಟ್ಟಿ ಹಂಚಿದರು: ಗಾದೆಗಳು, ಬನಶಂಕರಿ ಜಾತ್ರೆ, ಗೋಲಗುಮ್ಮಟ, ಕರದಂಟು, ಖಡಕ್ ರೊಟ್ಟಿ. ಇದರಲ್ಲಿ ಆರಿಸಿ ಕಥೆಗೆ ಹಾಕಿ ಅಂದರೆ ಏನಾಗುತ್ತದೆ? ಸಂಜೆ ಓದಿದ ಕಥೆಗಳೆಲ್ಲ ಖಾನಾವಳಿಯ ಬೋರ್ಡಿನ ಹಾಗಿದ್ದವು.

ನನಗೆ ಸಿಟ್ಟು ಬಂದಿದ್ದು ಮಾತ್ರ ಬೇರೆ ವಿಷಯಕ್ಕೆ. ಹೊಳೆದಂಡೆಯ ಊರಿನ ಒಬ್ಬ ಹುಡುಗಿಯ ಕಥೆಯಲ್ಲಿ, ಚಹಾದಂಗಡಿಯಲ್ಲಿ ಯಾರೋ "ಮತ್ತ 524 ಅಂತ ಪೇಪರಿನ್ಯಾಗ ಬಂದೈತಿ" ಅನ್ನುತ್ತಾರೆ, ಅದನ್ನು ಕೇಳಿದ ಮುದುಕ ಏನೂ ಮಾತಾಡದೆ ಮನೆಗೆ ಹೋಗಿ, ಗಿಲಾವು ಮಾಡುತ್ತಿದ್ದ ಗೌಂಡಿಗೆ ಅರ್ಧ ದಿನದ ಪಗಾರ ಕೊಟ್ಟು ಕಳಿಸಿಬಿಡುತ್ತಾನೆ. ನಮ್ಮ ಕಡೆಯವರಿಗೆ ಇಷ್ಟು ಸಾಕು. ಆಲಮಟ್ಟಿ ಅಣೆಕಟ್ಟಿನ ನೀರನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವ ಮಾತು, ಏರಿದರೆ ಇನ್ನಷ್ಟು ಊರು, ಹೊಲ ಮುಳುಗಡೆ. (ರಿವ್ಯೂ ಅಂತ ಇಲ್ಲಿ ಬಿಡಿಸಿ ಹೇಳಿದೆ.) ಸರ್ ಏನಂದರು ಗೊತ್ತಾ? ಬೆಂಗಳೂರು, ಮಂಗಳೂರಿನವರಿಗೆ ತಿಳಿಯಲ್ಲ, ಅಡಿಟಿಪ್ಪಣಿ ಹಾಕಿ. ಅಲ್ಲ ಸರ್, ಗೌಂಡಿಯನ್ನು ಕಳಿಸಿದ್ದೇ ಸಾಕಲ್ವಾ? ಈ ಮನೆ ಉಳಿಯಲ್ಲ ಅಂತ ಮುದುಕನಿಗೆ ಅನಿಸಿದೆ ಅನ್ನೋದು ಯಾವ ಊರಿನವರಿಗಾದರೂ ತಿಳಿಯುತ್ತದೆ, ಮೀಟರಿನ ಲೆಕ್ಕ ಬೇಕಾದವರು ಆಮೇಲೆ ಹುಡುಕಿಕೊಳ್ಳಲಿ. ಹಿಂದಿನ ದಿನ ಇದೇ ಸರ್ ಕೊಂಡಿಗೆ ಟಿಪ್ಪಣಿ ಕೇಳಿರಲಿಲ್ಲ!

ಜನ ಜಾಸ್ತಿ ಇದ್ದರು, ಹಾಗಾಗಿ ಕೆಲವರ ಕಥೆ ಓದುವ ಸರದಿಯೇ ಬರಲಿಲ್ಲ. ಊಟ ಚೆನ್ನಾಗಿತ್ತು.

ಮುಂದಿನ ಬ್ಯಾಚಿಗೆ ಸೇರುವವರು ಅರ್ಧ ಬರೆದ ಕಥೆಯೊಂದನ್ನು ಜೊತೆಗೆ ಒಯ್ಯಿರಿ, ಸುಮ್ನೆ ಕೇಳಲು ಬಂದವರಿಗೆ ಮೊದಲ ದಿನವೂ ಅಷ್ಟಾಗಿ ದಕ್ಕಲಿಲ್ಲ. ಒಂದೇ ದಿನಕ್ಕೆ ಫೀ ತಗೊಳ್ತಾರಾ ಅಂತಲೂ ಕೇಳಿ ನೋಡಿ. ನನ್ನ ಕಡೆಯಿಂದ ಐದಕ್ಕೆ ಮೂರು ಸ್ಟಾರ್, ಮೂರೂ ಶನಿವಾರದವು.