ಶಾಖೆಗಳ ನಡುವೆ ಇಂಟರ್‌ನೆಟ್ ಫೋನು: ಶಿರಸಿ, ಕುಮಟಾ, ಕಾರವಾರದ ಬಳಕೆಯ ಅನುಭವ

ಶಿರಸಿಯ ನಮ್ಮ ಅಡಿಕೆ ವಖಾರಿಯಲ್ಲೂ ಅದರ ಶಾಖೆಗಳಲ್ಲೂ ಇಂಟರ್‌ನೆಟ್ ಫೋನು ಹಾಕಿ ಹಲವು ಮಳೆಗಾಲ ಕಳೆದಿವೆ. ಸಿದ್ದಾಪುರ, ಯಲ್ಲಾಪುರ, ಕುಮಟಾ, ಕಾರವಾರ, ಜೊತೆಗೆ ಜೋಯಿಡಾ ಕಡೆಯ ಒಂದು ಗೋದಾಮು. ಎಲ್ಲ ಕಡೆ ಒಂದೇ ಮಾದರಿಯ ಮೇಜಿನ ಫೋನು. ಎರಡು ಲೈನು, ಕಪ್ಪು-ಬಿಳುಪು ಪರದೆ, ನೆಟ್‌ವರ್ಕ್ ಕೇಬಲ್ಲಿನಿಂದಲೇ ಕರೆಂಟು. ಶಿರಸಿಯ ಒಂದು ಸಣ್ಣ ಸರ್ವರಿನಲ್ಲಿ ಆಸ್ಟೆರಿಸ್ಕ್ ನಡೆಯುತ್ತದೆ. 1999ರಲ್ಲಿ ಶುರುವಾದ ಉಚಿತ ತಂತ್ರಾಂಶ ಅದು, ಎಲ್ಲ ಕರೆಗಳೂ ಅದರ ಮೂಲಕವೇ ಹೋಗುತ್ತವೆ. ಫೋನಿನ ಕಂಪನಿಯ ಹೆಸರು ಬರೆಯುತ್ತಿಲ್ಲ. ಇಲ್ಲಿ ಹೇಳುವ ತೊಂದರೆಗಳು ಯಾವ ಕಂಪನಿಯ ಫೋನಿಗೂ ಬರುವಂಥವೇ.

ಮೊದಲೇ ಹೇಳಿಬಿಡುತ್ತೇನೆ, ಫೋನು ಚೆನ್ನಾಗಿದೆ. ಮತ್ತೆ ಕೊಳ್ಳಬೇಕಾದರೂ ಇದನ್ನೇ ಕೊಳ್ಳುತ್ತೇನೆ. ಮಾತು ನಡೆಯುತ್ತಿರುವಾಗಲೇ ಎಷ್ಟು ಪ್ಯಾಕೆಟ್ (ಧ್ವನಿಯನ್ನು ಹೊತ್ತು ಹೋಗುವ ಸಣ್ಣ ತುಂಡು) ಕಳೆದುಹೋಯಿತು, ಅವು ಬರುವ ಅಂತರ ಎಷ್ಟು ಏರುಪೇರಾಗುತ್ತಿದೆ ಅಂತ ಇದರ ವೆಬ್ ಪುಟ ತೋರಿಸುತ್ತದೆ. ಈ ಏರುಪೇರಿಗೇ ಜಿಟರ್ ಅನ್ನುವುದು. ಕುಮಟಾದ ದೂರನ್ನು ಶಿರಸಿಯಲ್ಲಿ ಕೂತೇ ನೋಡಬಹುದು. ಈ ಪುಟ ಇಲ್ಲದಿದ್ದರೆ ಪ್ರತಿ ದೂರಿಗೂ ದೇವಿಮನೆ ಘಟ್ಟ ಇಳಿಯಬೇಕಿತ್ತು. ಫೋನು ಆರಿಸುವಾಗ ಬಣ್ಣದ ಪರದೆಗೆ ಜಾಸ್ತಿ ದುಡ್ಡು ಕೊಡುವ ಬದಲು ಈ ಒಂದು ಸೌಲಭ್ಯ ಇದೆಯಾ ಅಂತ ಕೇಳಿ.

ನಮ್ಮ ವ್ಯವಹಾರದಲ್ಲಿ ಧ್ವನಿ ಸ್ಪಷ್ಟವಾಗಿರಲೇಬೇಕು. ಚಾಲಿ ಅಡಿಕೆಗೆ ಇವತ್ತು ಎಷ್ಟು, ರಾಶಿ ಅಡಿಕೆಗೆ ಎಷ್ಟು ಅಂತ ಕ್ವಿಂಟಾಲ್ ಲೆಕ್ಕದ ದರ ಫೋನಿನಲ್ಲೇ ಹೇಳುತ್ತೇವೆ. ನಲವತ್ತೇಳೋ ನಲವತ್ತೆಂಟೋ ಅನ್ನುವ ಕೊನೆಯ ಅಕ್ಷರ ನುಂಗಿಹೋದರೆ ಸಾವಿರ ರೂಪಾಯಿ ವ್ಯತ್ಯಾಸ. ಹಾಗಾಗಿ ಶಾಖೆಗಳ ನಡುವಿನ ಕರೆಗಳಿಗೆ ಜಿ.722 ಎಂಬ ಕೋಡೆಕ್, ಅಂದರೆ ಧ್ವನಿಯನ್ನು ಡೇಟಾ ಮಾಡುವ ವಿಧಾನ, ಹಾಕಿದ್ದೇವೆ. ಮಾಮೂಲಿ ಫೋನಿನ ಧ್ವನಿ ಸುಮಾರು 3400 ಹರ್ಟ್ಸ್‌ಗೆ ನಿಂತುಬಿಡುತ್ತದೆ. ಜಿ.722ರಲ್ಲಿ 7000 ಹರ್ಟ್ಸ್‌ವರೆಗೂ ಬರುತ್ತದೆ. ಹಳೆಯ ಕೋಡೆಕ್ ಜಿ.711ರಂತೆ ಇದಕ್ಕೂ ಸೆಕೆಂಡಿಗೆ 64 ಕಿಲೋಬಿಟ್ ಸಾಕು. ಅಂದರೆ ಹೆಚ್ಚಿನ ಇಂಟರ್‌ನೆಟ್ ಖರ್ಚಿಲ್ಲದೆ ಸ, ಶ, ಫ ಎಲ್ಲ ಬಿಡಿಬಿಡಿಯಾಗಿ ಕೇಳುತ್ತವೆ. ಹೆಚ್ಚಿನ ಫೋನುಗಳಲ್ಲಿ ಇದು ಇದ್ದೇ ಇರುತ್ತದೆ, ಪಟ್ಟಿಯಲ್ಲಿ ಮೇಲಕ್ಕೆ ತಂದರಾಯಿತು.

ಈಗ ಅತಿ ಹೆಚ್ಚು ಕಾಡಿದ ತೊಂದರೆ. ಕುಮಟಾಕ್ಕೆ ಕರೆ ಮಾಡಿದರೆ ರಿಂಗ್ ಆಗುತ್ತದೆ, ಎತ್ತುತ್ತಾರೆ, ಆಮೇಲೆ ಬರೀ ಮೌನ. ಅಲ್ಲಿನ ಅಕ್ಕ ಮೊಬೈಲಿನಿಂದ ಮಾಡಿ, "ತಮಾ, ನಿನ್ನ ಮಾತು ಇಲ್ಲಿ ಸ್ಪಷ್ಟ ಕೇಳ್ತದೆ, ನಂದು ನಿಂಗೆ ಕೇಳ್ತಿಲ್ವಾ?" ಅಂತ ಕೇಳಿದ್ದರು. ಅವರು ಹೇಳಿದ ಆ ಒಂದು ಮಾತಿನಲ್ಲೇ ಅರ್ಧ ಉತ್ತರ ಇತ್ತು. ಇಂಟರ್‌ನೆಟ್ ಫೋನಿನಲ್ಲಿ ರಿಂಗ್ ಮಾಡಿಸುವ ಸಂದೇಶದ ದಾರಿ ಬೇರೆ, ಧ್ವನಿಯ ದಾರಿ ಬೇರೆ. ಸಿಪ್ ಎಂಬ ಆ ಸಂದೇಶ ಸಾಮಾನ್ಯವಾಗಿ 5060ನೇ ಪೋರ್ಟಿನಲ್ಲಿ (ಪೋರ್ಟು ಅಂದರೆ ಒಂದು ವಿಳಾಸದ ಬಾಗಿಲಿನ ಸಂಖ್ಯೆ) ಹೋಗುತ್ತದೆ. ಧ್ವನಿಗೆ ಪ್ರತಿ ಕರೆಗೂ ಬೇರೆ ಪೋರ್ಟು, ಆಸ್ಟೆರಿಸ್ಕಿನಲ್ಲಿ ಮಾಮೂಲಿಯಾಗಿ 10000ದಿಂದ 20000ದ ನಡುವೆ. "ನನಗೆ ಬರಬೇಕಾದ ಧ್ವನಿ ಈ ವಿಳಾಸಕ್ಕೆ ಕಳಿಸಿ" ಅಂತ ಎರಡೂ ಕಡೆಯವರು ಆ ಸಂದೇಶದೊಳಗೇ ಬರೆದು ಹೇಳಿಕೊಳ್ಳುತ್ತಾರೆ. ಬರೆದದ್ದು 192.168 ಅಂತ ಶುರುವಾಗುವ ಒಳಗಿನ ವಿಳಾಸವಾದರೆ ಅದು ಹೊರಗಿನವರಿಗೆ ಸಿಗುವುದೇ ಇಲ್ಲ. ರಿಂಗ್ ಸರಿಯಾಗೇ ಆಗುತ್ತದೆ, ಒಂದು ಕಡೆಯ ಮಾತು ಮಾತ್ರ ದಾರಿಯಲ್ಲೇ ಕಳೆದುಹೋಗುತ್ತದೆ.

ಇದರ ಮೇಲೆ ಹಲವು ರೂಟರುಗಳಲ್ಲಿ ಸಿಪ್ ಎಎಲ್‌ಜಿ ಎಂಬ ಆಯ್ಕೆ ಮೊದಲೇ ಆನ್ ಆಗಿರುತ್ತದೆ. ಈ ವಿಳಾಸವನ್ನು ತಿದ್ದಿಕೊಡಲೆಂದೇ ಅದನ್ನು ಇಟ್ಟಿರುವುದು. ಎಷ್ಟೋ ಸಲ ತಪ್ಪಾಗಿ ತಿದ್ದಿ ಇನ್ನಷ್ಟು ಕೆಡಿಸುತ್ತದೆ. ಅದನ್ನು ಮೊದಲು ಆಫ್ ಮಾಡಿ. ನಿಮ್ಮದೇ ರೂಟರ್ ಇದ್ದರೂ ಇಂಟರ್‌ನೆಟ್ ಕೊಡುವವರ ಪೆಟ್ಟಿಗೆಯಲ್ಲೂ ಅದೇ ಆಯ್ಕೆ ಅಡಗಿರಬಹುದು, ಎರಡನ್ನೂ ನೋಡಬೇಕು. ಸರ್ವರಿನಲ್ಲಿ ಡೈರೆಕ್ಟ್ ಮೀಡಿಯಾ (ಸರ್ವರ್ ಬಿಟ್ಟು ಫೋನಿನಿಂದ ಫೋನಿಗೇ ಧ್ವನಿ ಹೋಗುವುದು) ಬೇಡ ಅಂತಲೂ, ಆರ್‌ಟಿಪಿ ಸಿಮೆಟ್ರಿಕ್ ಬೇಕು ಅಂತಲೂ ಹಾಕಬೇಕು. ಆಗ ಸಂದೇಶದಲ್ಲಿ ಏನೇ ಬರೆದಿರಲಿ, ಧ್ವನಿ ಎಲ್ಲಿಂದ ಬಂತೋ ಅಲ್ಲಿಗೇ ಸರ್ವರ್ ಧ್ವನಿ ಕಳಿಸುತ್ತದೆ.

ಆದರೆ ನಮಗೆ ಗಟ್ಟಿ ಪರಿಹಾರ ಸಿಕ್ಕಿದ್ದು ವಯರ್‌ಗಾರ್ಡ್‌ನಿಂದ. ಪ್ರತಿ ಶಾಖೆಯ ರೂಟರಿನಿಂದ ಶಿರಸಿಗೆ ಅದರ ಒಂದು ವಿಪಿಎನ್ ಸುರಂಗ, ಅಂದರೆ ಹೊರಗಿನವರಿಗೆ ಕಾಣದ ನಮ್ಮದೇ ದಾರಿ. ಸುರಂಗದೊಳಗೆ ಎಲ್ಲ ಶಾಖೆಗಳ ಒಳವಿಳಾಸಗಳೂ ಒಂದಕ್ಕೊಂದು ಸಿಗುತ್ತವೆ, ವಿಳಾಸ ತಿದ್ದುವ ಗೊಂದಲವೇ ಇಲ್ಲ. ಒಂದೊಂದು ಶಾಖೆಗೂ ಬೇರೆ ಬೇರೆ ವಿಳಾಸದ ಸಾಲು ಕೊಟ್ಟಿರಬೇಕು, ಅಷ್ಟೇ. 25 ಸೆಕೆಂಡಿಗೊಮ್ಮೆ ಸುರಂಗ ಜೀವಂತ ಇಡುವ ಪ್ಯಾಕೆಟ್ ಕಳಿಸಲು ಹೇಳಿದರೆ 4ಜಿ ರೂಟರಿನ ಹಿಂದೆಯೂ ಸುರಂಗ ಕಡಿಯದೆ ಉಳಿಯುತ್ತದೆ. ಇನ್ನೊಂದು ಲಾಭ, 5060ನೇ ಪೋರ್ಟನ್ನು ಇಡೀ ಜಗತ್ತಿಗೆ ತೆರೆದಿಡಬೇಕಾಗಿಲ್ಲ. ತೆರೆದಿಟ್ಟರೆ ಹಗಲು ರಾತ್ರಿ ಯಾರ್ಯಾರೋ ಪಾಸ್‌ವರ್ಡ್ ಊಹಿಸುತ್ತಾ ಇರುತ್ತಾರೆ. ಹೊಕ್ಕರೆ ವಿದೇಶಿ ಕರೆಗಳ ಬಿಲ್ಲು ನಿಮ್ಮ ತಲೆಗೆ.

ಎತ್ತಿ ಅರ್ಧ ನಿಮಿಷಕ್ಕೆ, ಸರಿಯಾಗಿ 32 ಸೆಕೆಂಡಿಗೆ ಕರೆ ಕಟ್ ಆಗುತ್ತಿದ್ದರೂ ಇದೇ ಜಾತಿಯ ತೊಂದರೆ ಅಂತ ತಿಳಿಯಿರಿ. ಎತ್ತಿದ ಫೋನಿಗೆ ಬರಬೇಕಾದ ಕೊನೆಯ ಒಪ್ಪಿಗೆ ಸಂದೇಶ ತಲುಪುತ್ತಿಲ್ಲ.

ಯಲ್ಲಾಪುರದ್ದು ಬೇರೆ ಕಥೆ. ಬೆಳಿಗ್ಗೆ ಎಲ್ಲ ಸರಿ, ಮಧ್ಯಾಹ್ನ ಮಾತು ತುಂಡುತುಂಡು. ಸ್ಪೀಡ್ ಪರೀಕ್ಷೆ ಮಾಡಿದರೆ ಭರ್ಜರಿ ಅಂಕಿ. ಒಂದು ಕರೆಗೆ ಹೆಡರ್ (ಪ್ಯಾಕೆಟ್ ಮೇಲಿನ ವಿಳಾಸದ ಚೀಟಿ) ಎಲ್ಲ ಸೇರಿ ಸೆಕೆಂಡಿಗೆ 90 ಕಿಲೋಬಿಟ್‌ಗಿಂತ ಕಡಿಮೆ ಸಾಕು, ವಿಪಿಎನ್ ಹಾಕಿದರೂ ಇನ್ನು ಸ್ವಲ್ಪ ಜಾಸ್ತಿ ಅಷ್ಟೇ. ಹಾಗಿದ್ದೂ ಏಕೆ ಒಡೆಯುತ್ತದೆ? ಆ ಹೊತ್ತಿಗೆ ಸಿಸಿ ಕ್ಯಾಮೆರಾದ ವಿಡಿಯೋ ಮೇಲಕ್ಕೆ ಹೋಗುತ್ತಿತ್ತು. ರೂಟರಿನ ಸಾಲಿನಲ್ಲಿ ಅದರ ದೊಡ್ಡ ಪ್ಯಾಕೆಟ್‌ಗಳ ಹಿಂದೆ ಧ್ವನಿಯ ಸಣ್ಣ ಪ್ಯಾಕೆಟ್ ನಿಂತು ಕಾಯುತ್ತದೆ. ಧ್ವನಿ ಸೆಕೆಂಡಿಗೆ 50 ಪ್ಯಾಕೆಟ್ ಲೆಕ್ಕದಲ್ಲಿ ಬರಬೇಕು, ತಡವಾಗಿ ಬಂದದ್ದು ಬಾರದ್ದಕ್ಕೆ ಸಮ. ಒಂದು ಕಡೆಗೆ ಹೋಗುವ ತಡ 150 ಮಿಲಿಸೆಕೆಂಡಿನೊಳಗೆ ಇರಲಿ ಅಂತ ಅಂತಾರಾಷ್ಟ್ರೀಯ ದೂರಸಂಪರ್ಕ ಸಂಸ್ಥೆಯಾದ ಐಟಿಯು ಶಿಫಾರಸು ಇದೆ. ಆದ್ದರಿಂದ ಸುಮ್ನೆ ಪಿಂಗ್ (ಒಂದು ಸಣ್ಣ ಪ್ಯಾಕೆಟ್ ಹೋಗಿಬರುವ ಹೊತ್ತು) ನೋಡಿದರೆ ಸಾಲದು. ದೊಡ್ಡ ಫೈಲ್ ಅಪ್‌ಲೋಡ್ ಹಚ್ಚಿ, ಅದು ಹೋಗುತ್ತಿರುವಾಗ ಪಿಂಗ್ ನೋಡಿ. ನಾವು ಅಲ್ಲಿ ಓಪನ್ ಡಬ್ಲ್ಯುಆರ್‌ಟಿ ಎಂಬ ತಂತ್ರಾಂಶ ಹಾಕಿದ ರೂಟರ್ ಇಟ್ಟು, ಕೇಕ್ ಎಂಬ ಸಾಲು ನಿರ್ವಹಣೆ ಹಚ್ಚಿ, ಅಪ್‌ಲೋಡ್ ಮಿತಿಯನ್ನು ನಿಜವಾದ ವೇಗಕ್ಕಿಂತ ಸ್ವಲ್ಪ ಕೆಳಗೆ ಇಟ್ಟೆವು. ಕ್ಯಾಮೆರಾ ಈಗಲೂ ಓಡುತ್ತದೆ, ಮಾತೂ ಒಡೆಯುವುದಿಲ್ಲ. ಧ್ವನಿಯ ಪ್ಯಾಕೆಟ್‌ಗಳಿಗೆ ಡಿಎಸ್‌ಸಿಪಿ 46 ಎಂಬ, ಇದನ್ನು ಮೊದಲು ಬಿಡಿ ಅನ್ನುವ ಗುರುತು ಹಾಕುವುದು ಒಳ್ಳೆಯದೇ, ಆದರೆ ನಿಮ್ಮ ಕಟ್ಟಡದಾಚೆ ಅದಕ್ಕೆ ಬೆಲೆ ಸಿಗುತ್ತದೆ ಅಂತ ನಂಬಬೇಡಿ.

ದೂರು ಬಂದ ಕೂಡಲೇ ನಾನು ಹೇಳುವುದು, "ಸ್ಟಾರ್ 43 ಒತ್ತಿ ಮಾತಾಡಿ." ಆಸ್ಟೆರಿಸ್ಕನ್ನು ನಾವು ನಿರ್ವಹಿಸುವುದು ಫ್ರೀಪಿಬಿಎಕ್ಸ್ ಎಂಬ ತಂತ್ರಾಂಶದಿಂದ, ಅದರಲ್ಲಿ ಅದು ಪ್ರತಿಧ್ವನಿ ಪರೀಕ್ಷೆಯ ನಂಬರು. ಹೇಳಿದ್ದು ಸರ್ವರ್‌ವರೆಗೆ ಹೋಗಿ ವಾಪಸ್ ಬರುತ್ತದೆ. ಅದು ಸ್ವಚ್ಛವಾಗಿ ಕೇಳಿದರೆ ಆ ಶಾಖೆಯಿಂದ ಶಿರಸಿಯವರೆಗಿನ ದಾರಿ ಸರಿ ಇದೆ, ಗಲಾಟೆ ಇನ್ನೊಂದು ತುದಿಯದು.

ಮಾತಾಡುವಾಗ ಬರುವ ಪ್ರತಿಧ್ವನಿಯ ಬಗ್ಗೆ ಒಂದು ಮಾತು. ತನ್ನದೇ ದನಿ ವಾಪಸ್ ಕೇಳುತ್ತದೆ ಅಂತ ಸಿದ್ದಾಪುರದವರು ಹೇಳಿದರೆ ನೋಡಬೇಕಾದದ್ದು ಎದುರಿನವರ ಫೋನು. ಅಲ್ಲಿ ಸ್ಪೀಕರಿನ ಶಬ್ದ ಮೈಕಿಗೆ ಹೊಕ್ಕು ಇತ್ತ ಮರಳುತ್ತದೆ. ಕಾರವಾರದ ಆಫೀಸಿನಲ್ಲಿ ಟೈಲ್ಸ್ ಗೋಡೆಯ ಕೋಣೆಯಲ್ಲಿ ಸ್ಪೀಕರ್ ಜೋರಾಗಿಟ್ಟು ಮಾತಾಡುತ್ತಿದ್ದರು. ವಾಲ್ಯೂಮ್ ಇಳಿಸಿದ ಮೇಲೆ ಸಿದ್ದಾಪುರದ ದೂರು ನಿಂತಿತು.

ಕಾರವಾರದಲ್ಲೇ ಇನ್ನೊಂದು ಬಗೆಯ ಕರಕರ ಸದ್ದು. ನೆಟ್‌ವರ್ಕಿನ ತೊಂದರೆಯಾದರೆ ಮಾತು ಕತ್ತರಿಸಿದ ಹಾಗೆ, ಯಂತ್ರ ಮಾತಾಡಿದ ಹಾಗೆ ಕೇಳುತ್ತದೆ. ಸುರುಳಿ ವಯರ್ ಅಲುಗಾಡಿಸಿದಾಗ ಹೆಚ್ಚುವ ಕರಕರ ಬೇರೆ. ಸಮುದ್ರದ ಉಪ್ಪುಗಾಳಿ, ಮಳೆಗಾಲದ ತೇವ ಸೇರಿ ರಿಸೀವರಿನ ಪಿನ್ನುಗಳಿಗೆ ಹಸಿರು ಕಿಲುಬು ಹಿಡಿದಿತ್ತು. ವಯರ್ ಬದಲಿಸಿದರೆ ಮುಗಿಯಿತು. ಕರಾವಳಿಯವರು ಮಳೆಗಾಲಕ್ಕೆ ಮೊದಲೇ ಒಂದೆರಡು ಹೆಚ್ಚಿನ ವಯರ್ ತರಿಸಿಟ್ಟುಕೊಳ್ಳಿ. ಘಟ್ಟದ ಮೇಲಿನವರಿಗೆ ಮೇ ತಿಂಗಳ ಸಿಡಿಲೇ ಭಯ. ಎರಡು ಕಟ್ಟಡಗಳ ನಡುವೆ ತಾಮ್ರದ ಕೇಬಲ್ ಎಳೆಯಬೇಡಿ, ಫೈಬರ್ ಎಳೆಯಿರಿ. ಯುಪಿಎಸ್ ಹಾಕುವಾಗ ಫೋನಿನ ಸ್ವಿಚ್ ಜೊತೆ ಇಂಟರ್‌ನೆಟ್ ಪೆಟ್ಟಿಗೆಯನ್ನೂ ಅದಕ್ಕೇ ಸೇರಿಸಿ. ಇಲ್ಲದಿದ್ದರೆ ಕರೆಂಟು ಹೋದಾಗ ಫೋನು ಬೆಳಗುತ್ತಿರುತ್ತದೆ, ಕರೆ ಹೋಗುವುದಿಲ್ಲ.

ಫೋನಿನ ಬಗ್ಗೆ ನನ್ನ ಬೇಸರ ಎರಡು. ತಂತ್ರಾಂಶ ಅಪ್‌ಡೇಟ್ ಆದಾಗ ಕೋಡೆಕ್ ಪಟ್ಟಿ ಹಳೆಯ ಕ್ರಮಕ್ಕೆ ಮರಳಿದ್ದುಂಟು, ಆದ್ದರಿಂದ ಸೆಟ್ಟಿಂಗಿನ ಪ್ರತಿ ಉಳಿಸಿಟ್ಟುಕೊಳ್ಳಿ. ಪರದೆಯಲ್ಲಿ ಕನ್ನಡ ಇಲ್ಲ. ಗೋದಾಮಿನ ಹಿರಿಯರು ಯಾರ ಕರೆ ಅಂತ ಓದಲಾಗದೆ ಎತ್ತುತ್ತಾರೆ, ಅದು ನನಗೆ ಸರಿ ಕಾಣುವುದಿಲ್ಲ.

ಜೋಯಿಡಾದ ಗೋದಾಮು ಮಾತ್ರ ಇನ್ನೂ ಪೂರ್ತಿ ಸರಿಹೋಗಿಲ್ಲ. 4ಜಿ ಸಿಗ್ನಲ್ ಏರಿಳಿದಾಗ ಜಿಟರ್ ವಿಪರೀತ. ಏರುಪೇರು ತುಂಬಿಸಲು ಪ್ಯಾಕೆಟ್‌ಗಳನ್ನು ಸ್ವಲ್ಪ ಹೊತ್ತು ತಡೆದಿಡುವ ಫೋನಿನ ಜಿಟರ್ ಬಫರನ್ನು ಅಡಾಪ್ಟಿವ್ (ತಾನೇ ಹಿಗ್ಗಿ ಕುಗ್ಗುವಂತೆ) ಮಾಡಿದ ಮೇಲೆ ಬೇಸಿಗೆಯಲ್ಲಿ ಪರವಾಗಿಲ್ಲ. ಕಡಿಮೆ ಡೇಟಾದ ಜಿ.729 ಕೋಡೆಕ್ ಹಾಕಿ ಅಂತ ಕೆಲವರು ಹೇಳಿದರು. ಹಾಕಿ ನೋಡಿದೆವು, ಉಪಯೋಗ ಆಗಲಿಲ್ಲ. ಅದರಲ್ಲೂ ಸೆಕೆಂಡಿಗೆ ಅಷ್ಟೇ ಪ್ಯಾಕೆಟ್ ಹೋಗಬೇಕು, ಹಾಗೇ ಕಳೆದುಹೋಗುತ್ತವೆ. ಜುಲೈ ಮಳೆಯಲ್ಲಿ ಅಲ್ಲಿಂದ ದರ ಕೇಳುವವರಿಗೆ ಬಾಯಲ್ಲಿ ಹೇಳಿದ ಮೇಲೆ ಅದೇ ಅಂಕಿಯನ್ನು ಮೆಸೇಜ್ ಮಾಡಿ ಕಳಿಸುತ್ತೇವೆ.