ಝೊಟೆರೊ: ಒಂಬತ್ತು ವರ್ಷದ ಬಳಕೆ, ಕಳೆದುಹೋಗಿ ಸಿಕ್ಕ ಟಿಪ್ಪಣಿಗಳು

ನನ್ನ ಸಂಶೋಧನೆ ಕೆರೆ ಶಾಸನಗಳ ಮೇಲೆ. ಆಕರಗಳನ್ನು ಕೂಡಿಟ್ಟು ಉಲ್ಲೇಖಿಸಲು ನೆರವಾಗುವ ಝೊಟೆರೊ ತಂತ್ರಾಂಶವನ್ನು 2016ರಲ್ಲಿ ಹಿಡಿದಾಗ ಅದು ಫೈರ್‌ಫಾಕ್ಸ್ ಬ್ರೌಸರಿನ ಒಳಗೇ ಕೂತು ಕೆಲಸ ಮಾಡುತ್ತಿತ್ತು. 2017ರಲ್ಲಿ 5ನೇ ಆವೃತ್ತಿ ಬಂದು ಸ್ವತಂತ್ರ ತಂತ್ರಾಂಶವಾಯಿತು. 2022ರ 6ನೇ ಆವೃತ್ತಿಯಲ್ಲಿ ಪಿಡಿಎಫ್ ಓದುವ ಸೌಲಭ್ಯ ಸೇರಿತು. 7ನೆಯದು 2024ರಲ್ಲಿ ಬಂತು. ಒಂದು ಪೈಸೆ ಕೊಡದೆ ಇಷ್ಟು ವರ್ಷ ಬಳಸಿದ್ದೇನೆ, ಇದಕ್ಕಿಂತ ಒಳ್ಳೆಯ ಆಕರ ನಿರ್ವಹಣಾ ತಂತ್ರಾಂಶ ನಾನು ಕಂಡಿಲ್ಲ. ಅದರ ಗುಣಗಾನ ಬೇಕಾದಷ್ಟು ಕಡೆ ಸಿಗುತ್ತದೆ. ನಾನು ಬರೆಯಬೇಕೆಂದಿರುವುದು ಎಲ್ಲ ಹೋಯಿತು ಅನ್ನಿಸಿದ ಒಂದು ದಿನದ ಬಗ್ಗೆ, ಆಮೇಲೆ ಏನೇನು ಸಿಕ್ಕಿತು ಎಂಬುದರ ಬಗ್ಗೆ.

ನನ್ನ ಸಂಗ್ರಹದಲ್ಲಿ ಸುಮಾರು 2,300 ನಮೂದುಗಳಿವೆ. ಅರ್ಧಕ್ಕಿಂತ ಹೆಚ್ಚು ನಾನೇ ಕೈಯಾರೆ ಟೈಪ್ ಮಾಡಿದ್ದು. ಕರ್ನಾಟಕದ ಶಾಸನಗಳ ಸಂಪುಟಮಾಲೆ ‘ಎಪಿಗ್ರಾಫಿಯಾ ಕರ್ನಾಟಿಕಾ’ದ (ಎ.ಕ.) ಒಂದೊಂದು ಶಾಸನಕ್ಕೂ ಒಂದೊಂದು ನಮೂದು. ತಾಳಗುಂದದ ಸ್ತಂಭಶಾಸನವಾದರೆ ‘ಎ.ಕ. 7, ಶಿಕಾರಿಪುರ 176’, ಬಿ.ಎಲ್. ರೈಸ್ ಸಂಪಾದಿಸಿದ 1902ರ ಸಂಪುಟ. ಕೆಳಗೆ ಕದಂಬ ರಾಜ ಕಾಕುತ್ಸ್ಥವರ್ಮ ಕಟ್ಟಿಸಿದ ಕೆರೆಯ ಬಗ್ಗೆ ನನ್ನ ಟಿಪ್ಪಣಿ. ಕಟ್ಟುಕೊಡಗೆ, ಬಿತ್ತುವಟ್ಟ (ಎರಡೂ ಕೆರೆಗಾಗಿ ಬಿಡುತ್ತಿದ್ದ ದತ್ತಿಗಳು), ತೂಬು ಅಂತ ಟ್ಯಾಗುಗಳು. ಇಂಗ್ಲಿಷ್ ಪತ್ರಿಕೆಗಳ ಲೇಖನವಾದರೆ ಪಿಡಿಎಫ್ ಎಳೆದು ಹಾಕಿದ ಕೂಡಲೇ ಡಿಒಐ (ಲೇಖನದ ಶಾಶ್ವತ ಗುರುತುಸಂಖ್ಯೆ) ಹಿಡಿದು ಲೇಖಕರು, ವರ್ಷ, ಪುಟ ಎಲ್ಲವನ್ನೂ ಅದೇ ತುಂಬಿಕೊಳ್ಳುತ್ತದೆ. ನಮ್ಮ ಹಳೆಯ ಕನ್ನಡ ಪುಸ್ತಕಗಳಿಗೆ ಡಿಒಐ ಎಲ್ಲಿಂದ ಬರಬೇಕು? ಸ್ಕ್ಯಾನ್ ಮಾಡಿದ ಪುಟದಲ್ಲಿ ಅಕ್ಷರವೇ ಇರುವುದಿಲ್ಲ, ಚಿತ್ರ ಮಾತ್ರ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಮಾಡಿದ ಕಡತಗಳಿಂದ ಅಕ್ಷರ ತೆಗೆದರೆ ಅರ್ಥವಾಗದ ಇಂಗ್ಲಿಷ್ ಚಿಹ್ನೆಗಳ ಸಾಲು ಬರುತ್ತದೆ. ಕನ್ನಡದಲ್ಲಿ ಕೆಲಸ ಮಾಡುವವರು ಒಮ್ಮೆ ಕಳಕೊಂಡರೆ ಮತ್ತೆ ಇಳಿಸಿಕೊಳ್ಳಲು ಬೇರೆ ಜಾಗವಿಲ್ಲ.

2023ರ ಜುಲೈ. ಮನೆಯ ಕಂಪ್ಯೂಟರಿನಲ್ಲೂ ಲ್ಯಾಪ್‌ಟಾಪಿನಲ್ಲೂ ಒಂದೇ ಸಂಗ್ರಹ ಇರಲಿ ಅಂತ ಝೊಟೆರೊದ ಇಡೀ ಫೋಲ್ಡರನ್ನು ಒಂದು ಕ್ಲೌಡ್ ಫೋಲ್ಡರಿನೊಳಗೆ ಇಟ್ಟಿದ್ದೆ. ಹೀಗೆ ಮಾಡಬಾರದು ಎಂದು ತಯಾರಕರು ಸ್ಪಷ್ಟವಾಗಿಯೇ ಹೇಳಿದ್ದಾರೆ, ನಾನು ಓದಿರಲಿಲ್ಲ. ತಂತ್ರಾಂಶ ಬರೆಯುತ್ತಿರುವಾಗಲೇ ಕ್ಲೌಡ್ ಅದೇ ಕಡತವನ್ನು ಮೇಲೆ ಕೆಳಗೆ ಎಳೆದಾಡಿದರೆ ದತ್ತಸಂಚಯ (ಡೇಟಾಬೇಸ್) ಕೆಡುತ್ತದೆ. ಒಂದು ಬೆಳಿಗ್ಗೆ ತೆರೆದರೆ, ದತ್ತಸಂಚಯ ಹಾಳಾಗಿದೆ, ಬ್ಯಾಕಪ್ಪಿನಿಂದ ಸರಿಪಡಿಸಲೂ ಆಗಲಿಲ್ಲ, ಹೊಸದೊಂದನ್ನು ಸೃಷ್ಟಿಸಲಾಗಿದೆ ಎಂಬ ಸಂದೇಶ. ಒಳಗೆ ಏನೂ ಇಲ್ಲ. ಏಳು ವರ್ಷದ ಕೆಲಸ ಇದ್ದ ಜಾಗದಲ್ಲಿ ಬಿಳಿ ಪರದೆ. ಆ ಹೊತ್ತಿನ ಸಂಕಟ ನೆನೆದರೆ ಈಗಲೂ ಹೊಟ್ಟೆ ತೊಳಸುತ್ತದೆ.

ಆ ದಿನ ನಾನು ಮಾಡಿದ ಒಂದು ಸರಿಯಾದ ಕೆಲಸ, ಏನನ್ನೂ ಒತ್ತದೆ ಝೊಟೆರೊ ಮುಚ್ಚಿದ್ದು. ಎರಡೂ ಯಂತ್ರಗಳಲ್ಲಿ ಕ್ಲೌಡ್ ನಿಲ್ಲಿಸಿ ಇಡೀ ಫೋಲ್ಡರನ್ನು ಪೆನ್‌ಡ್ರೈವಿಗೆ ನಕಲು ಮಾಡಿದೆ. ಆಮೇಲೆ ಒಳಗೆ ಇಣುಕಿದೆ.

ಒಳಗಿನ ರಚನೆ ಗೊತ್ತಿದ್ದರೆ ಅರ್ಧ ಭಯ ಹೋಗುತ್ತದೆ. ‘ಸ್ಟೋರೇಜ್’ ಎಂಬ ಫೋಲ್ಡರಿನಲ್ಲಿ ಎಂಟೆಂಟು ಅಕ್ಷರದ ಹೆಸರಿನ ಉಪಫೋಲ್ಡರುಗಳು. ಪಿಡಿಎಫ್‌ಗಳೆಲ್ಲ ಅಲ್ಲಿ ಕ್ಷೇಮವಾಗಿದ್ದವು. ಉಳಿದದ್ದೆಲ್ಲ, ನಮೂದು, ಟ್ಯಾಗು, ಟಿಪ್ಪಣಿ, ಎಲ್ಲವೂ ‘ಝೊಟೆರೊ.ಎಸ್‌ಕ್ಯೂಲೈಟ್’ ಎಂಬ ಒಂದೇ ಕಡತದಲ್ಲಿ. 6ನೇ ಆವೃತ್ತಿಯಿಂದ ಝೊಟೆರೊದೊಳಗೇ ಪಿಡಿಎಫ್ ಮೇಲೆ ಎಳೆದ ಹಳದಿ ಗೆರೆ, ಅಂಚಿನ ಮಾತು ಕೂಡ ಪಿಡಿಎಫ್‌ನಲ್ಲಿ ಇರುವುದಿಲ್ಲ, ಈ ಕಡತದಲ್ಲೇ ಇರುತ್ತದೆ. ಇದು ಬಹಳ ಜನಕ್ಕೆ ಗೊತ್ತಿಲ್ಲ. ಪಿಡಿಎಫ್ ಉಳಿಸಿಕೊಂಡೆ, ಸಾಕು ಅಂದುಕೊಳ್ಳುತ್ತಾರೆ.

ಪಕ್ಕದಲ್ಲಿ ‘.ಬ್ಯಾಕ್’ (.bak) ಎಂದು ಮುಗಿಯುವ ಕಡತಗಳಿರುತ್ತವೆ. ಝೊಟೆರೊ ತಾನಾಗಿಯೇ ಇಟ್ಟುಕೊಳ್ಳುವ ಪ್ರತಿಗಳು ಇವು. ಹೆಸರಿನ ನಡುವೆ ಅಂಕಿ ಇದ್ದರೆ ಆವೃತ್ತಿ ಬದಲಾವಣೆಯ ಸಮಯದಲ್ಲಿ ತೆಗೆದದ್ದು. ಎಷ್ಟೋ ಸಲ ‘.ಬ್ಯಾಕ್’ ತೆಗೆದು ಹೆಸರು ಬದಲಿಸಿದರೆ ಅಲ್ಲಿಗೆ ಮುಗಿಯಿತು. ನನ್ನ ವಿಷಯದಲ್ಲಿ ಆ ಪ್ರತಿಯನ್ನೂ ಕ್ಲೌಡ್ ಕೆಡಿಸಿತ್ತು. ಆದರೆ ‘.ಡ್ಯಾಮೇಜ್ಡ್’ ಅಂತ ಕೊನೆಯಾಗುವ ಇನ್ನೊಂದು ಕಡತವಿತ್ತು, ಕೆಟ್ಟ ದತ್ತಸಂಚಯವನ್ನು ಅಳಿಸದೆ ಝೊಟೆರೊ ಎತ್ತಿಟ್ಟಿದ್ದು. ಗಾತ್ರ ನೋಡಿದೆ: 90 ಎಂಬಿ ಮೇಲೆ. ಹೊಸ ಖಾಲಿ ಕಡತವೋ ಒಂದೆರಡು ಎಂಬಿ. ಆಗ ಉಸಿರು ಬಂತು.

ಝೊಟೆರೊದವರೇ ತಮ್ಮ ಜಾಲತಾಣದಲ್ಲಿ ಉಚಿತವಾಗಿ ಕೊಡುವ ದತ್ತಸಂಚಯ ದುರಸ್ತಿ ಸಾಧನ ಇದೆ. ಕೆಟ್ಟ ಕಡತ ಏರಿಸಿದೆ, ದುರಸ್ತಿಯಾದದ್ದು ಇಳಿಯಿತು. ಹೆಸರು ಸರಿಮಾಡಿ, ಈ ಸಲ ಕ್ಲೌಡಿನಿಂದ ಹೊರಗೆ ಇಟ್ಟು ತೆರೆದೆ. ಬಿತ್ತುವಟ್ಟ ಟ್ಯಾಗು ಒತ್ತಿದರೆ ಸಾಲು ಸಾಲು ಶಾಸನಗಳು. ಒಬ್ಬಳೇ ಕೂತು ಅತ್ತುಬಿಟ್ಟೆ.

ಪೂರ್ತಿ ಬರಲಿಲ್ಲ. ಕೊನೆಯ ಕೆಲವು ವಾರಗಳಲ್ಲಿ ಸೇರಿಸಿದ ನಲವತ್ತರಷ್ಟು ನಮೂದುಗಳು ಇರಲಿಲ್ಲ. ಅವುಗಳಲ್ಲಿ ಬಹುಪಾಲನ್ನು ನನ್ನ ಬರಹದ ನಾಲ್ಕನೇ ಅಧ್ಯಾಯದಲ್ಲಿ ಉಲ್ಲೇಖಿಸಿದ್ದೆ. ವರ್ಡ್‌ನಲ್ಲಿ ಝೊಟೆರೊ ಮೂಲಕ ಸೇರಿಸಿದ ಉಲ್ಲೇಖದ ಹಿಂದೆ ಆ ಆಕರದ ವಿವರ ಅಡಗಿರುತ್ತದೆ. ‘ರೆಫರೆನ್ಸ್ ಎಕ್ಸ್‌ಟ್ರ್ಯಾಕ್ಟರ್’ ಎಂಬ ಉಚಿತ ಸಾಧನ ಅದನ್ನು ಹೊರತೆಗೆಯುತ್ತದೆ. ಹಾಗೆ 31 ನಮೂದು ಮರಳಿದವು. ಆದರೆ ವಿವರ ಮಾತ್ರ, ನಾನು ಬರೆದ ಟಿಪ್ಪಣಿ ಅಲ್ಲ. ಉಲ್ಲೇಖವನ್ನು ಮೊದಲೇ ಸಾದಾ ಪಠ್ಯವಾಗಿ ಬದಲಿಸಿದ್ದರೆ ಅಷ್ಟೂ ಸಿಗುತ್ತಿರಲಿಲ್ಲ.

ಝೊಟೆರೊದ ಸಿಂಕ್, ಅಂದರೆ ಸಂಗ್ರಹವನ್ನು ಅದರ ಆನ್‌ಲೈನ್ ಖಾತೆಯ ಜೊತೆ ಹೊಂದಿಸುವ ವ್ಯವಸ್ಥೆ, ಇರಲಿಲ್ಲವೇ ಎಂದು ಕೇಳಬಹುದು. ಖಾತೆ ಇತ್ತು, ಆದರೆ ಉಚಿತ ಜಾಗ 300 ಎಂಬಿ ಮಾತ್ರ ಅಂತ ಏಳು ತಿಂಗಳಿಂದ ನಿಲ್ಲಿಸಿದ್ದೆ. ಆ ಮಿತಿ ಲಗತ್ತಿಸಿದ ಕಡತಗಳಿಗೆ ಮಾತ್ರ. ನಮೂದು, ಟಿಪ್ಪಣಿಗಳು ಲೆಕ್ಕಕ್ಕೇ ಬರುವುದಿಲ್ಲ, ಪೂರ್ತಿ ಉಚಿತ. ಪಿಡಿಎಫ್‌ಗೂ ಜಾಗ ಬೇಕಾದರೆ ವರ್ಷಕ್ಕೆ 20 ಡಾಲರಿಗೆ 2 ಜಿಬಿ. ದಯವಿಟ್ಟು ಕಡತಗಳ ಸಿಂಕ್ ಮಾತ್ರ ನಿಲ್ಲಿಸಿ ಉಳಿದದ್ದನ್ನು ನಡೆಯಲು ಬಿಡಿ.

ಹಾಗಂತ ಸಿಂಕ್ ಬ್ಯಾಕಪ್ ಅಲ್ಲ. ಇಲ್ಲಿ ಅಳಿಸಿದ್ದು ಅಲ್ಲೂ ಅಳಿಯುತ್ತದೆ. ಗೆಳತಿಯೊಬ್ಬಳು ಸಂಗ್ರಹವೊಂದನ್ನು ನಮೂದುಗಳ ಸಮೇತ ಅಳಿಸಿ, ಕಸದ ಬುಟ್ಟಿಯನ್ನೂ ಖಾಲಿ ಮಾಡಿದ್ದಳು. ಹಳೆಯ ಪ್ರತಿ ಇತ್ತು. ಅದನ್ನು ಹಾಕುವ ಮುನ್ನ ಸ್ವಯಂಚಾಲಿತ ಸಿಂಕ್ ನಿಲ್ಲಿಸಿ, ಹಾಕಿದ ಮೇಲೆ ಎಲ್ಲ ಬಂದಿದೆ ಅಂತ ನೋಡಿಕೊಂಡು, ಸಿಂಕ್ ವಿಭಾಗದ ರೀಸೆಟ್‌ನಲ್ಲಿ ಆನ್‌ಲೈನ್ ಸಂಗ್ರಹವನ್ನೇ ಇದರಿಂದ ಬದಲಿಸುವ ಆಯ್ಕೆ ಒತ್ತಿದೆವು. ಈ ಕ್ರಮ ತಪ್ಪಿದ್ದರೆ ಮರಳಿ ತಂದದ್ದು ಮತ್ತೆ ಅಳಿಯುತ್ತಿತ್ತು. ಬುಟ್ಟಿಗೆ ಬಿದ್ದದ್ದು 30 ದಿನಕ್ಕೆ ತಾನಾಗಿಯೇ ಹೋಗುತ್ತದೆ ಎಂಬುದೂ ನೆನಪಿರಲಿ. ಸೆಟ್ಟಿಂಗ್ಸ್‌ನಲ್ಲಿ ಆ ಅವಧಿ ಬದಲಿಸಬಹುದು.

ಇನ್ನೊಂದು, ನಮ್ಮೂರುಗಳಲ್ಲಿ ಬಹಳ ನಡೆಯುವಂಥದ್ದು. ಕಂಪ್ಯೂಟರ್ ನಿಧಾನವಾಯಿತು ಅಂತ ಫಾರ್ಮ್ಯಾಟಿಗೆ ಕೊಡುತ್ತೇವೆ. ಅಂಗಡಿಯವರು ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಎರಡನ್ನು ನಕಲು ಮಾಡಿಡುತ್ತಾರೆ. ಝೊಟೆರೊ ಫೋಲ್ಡರ್ ಇರುವುದು ಅವೆರಡರಲ್ಲೂ ಅಲ್ಲ, ಅವುಗಳ ಪಕ್ಕದಲ್ಲಿ, ನಿಮ್ಮ ಬಳಕೆದಾರ ಹೆಸರಿನ ಕೆಳಗೆ ನೇರವಾಗಿ. ಬಾಯಿಬಿಟ್ಟು ಹೇಳದಿದ್ದರೆ ಅದು ಉಳಿಯುವುದಿಲ್ಲ.

ನನ್ನ ಅಸಮಾಧಾನ ಇರುವುದು ಒಂದೇ. ಹಳೆಯ ಪ್ರತಿಗಳನ್ನು ಪಟ್ಟಿ ಮಾಡಿ ‘ಇದಕ್ಕೆ ಮರಳು’ ಎನ್ನುವ ಗುಂಡಿ ಝೊಟೆರೊದೊಳಗೆ ಇಲ್ಲ. ಕಡತದ ಹೆಸರು ಬದಲಿಸುವ ಈ ಕಸರತ್ತು ಅರವತ್ತು ದಾಟಿದ ಪ್ರಾಧ್ಯಾಪಕರಿಗೆ, ಸಣ್ಣ ಊರಿನಲ್ಲಿ ಒಬ್ಬರೇ ಕೂತು ಪಿಎಚ್.ಡಿ. ಮಾಡುವವರಿಗೆ ಕಷ್ಟ. ಎಕ್ಸ್‌ಪೋರ್ಟ್ ಮಾಡಿಟ್ಟುಕೊಂಡರೆ ಆಯಿತಲ್ಲ ಎನ್ನುವವರಿದ್ದಾರೆ. ಅದನ್ನು ಮರಳಿ ತುಂಬಿದರೆ ವರ್ಡ್ ಕಡತದ ಉಲ್ಲೇಖಗಳ ಜೊತೆಗಿನ ಕೊಂಡಿ ಕಡಿದುಹೋಗುತ್ತದೆ. ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಆ ಅರ್ಧ ಕಳೆದದ್ದು ಈ ಗುಂಡಿಗಾಗಿ.

ಈಗ ಪ್ರತಿ ಶನಿವಾರ ಸಂಜೆ ಝೊಟೆರೊ ಮುಚ್ಚಿ, ಇಡೀ ಫೋಲ್ಡರನ್ನು ತಾರೀಖು ಹಾಕಿ ಎಕ್ಸ್‌ಟರ್ನಲ್ ಡಿಸ್ಕಿಗೆ ನಕಲು ಮಾಡುತ್ತೇನೆ. ಕೊನೆಯ ನಾಲ್ಕು ವಾರದ್ದು ಇಟ್ಟುಕೊಂಡು ಹಳೆಯದನ್ನು ತೆಗೆಯುತ್ತೇನೆ. ಆ ಜುಲೈನಲ್ಲಿ ಹೋದ ಟಿಪ್ಪಣಿಗಳಲ್ಲಿ ಹೆಚ್ಚಿನವನ್ನು ಮತ್ತೆ ಬರೆದಾಯಿತು. ಶಿಕಾರಿಪುರ ತಾಲ್ಲೂಕಿನ ಆರು ಶಾಸನಗಳದ್ದು ಬಾಕಿ ಇದೆ. ಸಂಪುಟ ಮೇಜಿನ ಮೇಲೆ ತೆರೆದೇ ಇದೆ.