ವಾರ್ಡ್ ಲೆಕ್ಕಕ್ಕೆ ಕ್ಯೂಜಿಐಎಸ್ ಎಷ್ಟು ನೆಚ್ಚಬಹುದು?

ಬೆಂಗಳೂರಿನ ವಾರ್ಡ್ ಅಂಕಿಅಂಶಕ್ಕೆ ಕೈಹಾಕಿದವರಿಗೆ ಮೊದಲು ಎದುರಾಗುವುದು ಗಡಿಯ ತಕರಾರು. 2011ರ ಜನಗಣತಿ ಇರುವುದು 198 ವಾರ್ಡ್‌ಗಳ ಲೆಕ್ಕದಲ್ಲಿ. 2022ರಲ್ಲಿ ಅವು 243 ಆದವು, 2023ರಲ್ಲಿ 225. ಈಗ ಬಿಬಿಎಂಪಿಯೇ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ಪಾಲಿಕೆಗಳು ಬಂದಿವೆ. ಹಳೆಯ ಜನಸಂಖ್ಯೆಯನ್ನು ಹೊಸ ಗಡಿಯೊಳಗೆ ಹಂಚದೆ ತಲಾ ವೆಚ್ಚವನ್ನಾಗಲಿ, ಎಷ್ಟು ಜನಕ್ಕೆ ಎಷ್ಟು ಪೌರಕಾರ್ಮಿಕರು ಎಂಬುದನ್ನಾಗಲಿ ಹೇಳಲಾಗದು. ಬರೀ ಎಕ್ಸೆಲ್ ಹಿಡಿದು ಕೂತರೆ ಇದು ಬಗೆಹರಿಯುವುದಿಲ್ಲ.

ಕ್ಯೂಜಿಐಎಸ್‌ನಲ್ಲಿ ಬಗೆಹರಿಯುತ್ತದೆ. ಇದು ನಕ್ಷೆಗಳ ಮೇಲೆ ಲೆಕ್ಕ ಮಾಡುವ ಮುಕ್ತ ತಂತ್ರಾಂಶ, ಲೈಸೆನ್ಸ್‌ಗೆ ಟೆಂಡರ್ ಬೇಡ, 8 ಜಿಬಿ ರ್‍ಯಾಮ್‌ನ ಸಾಧಾರಣ ಕಂಪ್ಯೂಟರ್ ಸಾಕು. ಇಳಿಸಿಕೊಳ್ಳುವಾಗ ಹೊಚ್ಚಹೊಸ ಆವೃತ್ತಿ ಬಿಟ್ಟು 'ಲಾಂಗ್ ಟರ್ಮ್ ರಿಲೀಸ್' (ದೀರ್ಘಕಾಲ ದೋಷ ತಿದ್ದುತ್ತ ಬರುವ ಸ್ಥಿರ ಆವೃತ್ತಿ) ಆರಿಸಿ.

ಕೆಲಸದ ಕ್ರಮ ಹೀಗೆ. ಹಳೆ, ಹೊಸ ಎರಡೂ ವಾರ್ಡ್ ನಕ್ಷೆಗಳನ್ನು ಇಪಿಎಸ್‌ಜಿ 32643ಕ್ಕೆ, ಅಂದರೆ ಮೀಟರ್‌ನಲ್ಲಿ ಅಳೆಯುವ ನಿರ್ದೇಶಾಂಕ ವ್ಯವಸ್ಥೆಗೆ, ಬದಲಿಸಿ. ಅಕ್ಷಾಂಶ-ರೇಖಾಂಶದಲ್ಲೇ ಬಿಟ್ಟು ಏರಿಯಾ ಫಂಕ್ಷನ್ ಹಾಕಿದರೆ ಉತ್ತರ ಚದರ ಡಿಗ್ರಿಯಲ್ಲಿ ಬರುತ್ತದೆ. ಅನುಪಾತಕ್ಕೆ ಅಷ್ಟೇನೂ ತೊಂದರೆಯಿಲ್ಲ, ಜನಸಾಂದ್ರತೆ ತೆಗೆಯುವಾಗ ಎಡವಟ್ಟು ಬಯಲಾಗುತ್ತದೆ. ಮುಂದೆ ಗಡಿರೇಖೆಗಳ ದೋಷ ಸರಿಪಡಿಸುವ 'ಫಿಕ್ಸ್ ಜಿಯಾಮೆಟ್ರೀಸ್' ಓಡಿಸಿ, ನಂತರ ಎರಡು ನಕ್ಷೆಗಳನ್ನು ಒಂದರ ಮೇಲೊಂದಿಟ್ಟು ತುಂಡುಗಳಾಗಿ ಕತ್ತರಿಸುವ 'ಇಂಟರ್‌ಸೆಕ್ಷನ್' ಓಡಿಸಿ. ಮೊದಲನೆಯದನ್ನು ಬಿಟ್ಟರೆ ಎರಡನೆಯದು ಅರ್ಧಕ್ಕೇ ನಿಲ್ಲುವುದುಂಟು. ಬಳಿಕ ಪ್ರತಿ ತುಂಡಿನ ವಿಸ್ತೀರ್ಣವನ್ನು ಹಳೆ ವಾರ್ಡಿನ ವಿಸ್ತೀರ್ಣದಿಂದ ಭಾಗಿಸಿ, ಆ ವಾರ್ಡಿನ ಜನಸಂಖ್ಯೆಯಿಂದ ಗುಣಿಸಿ, ಹೊಸ ವಾರ್ಡ್ ಸಂಖ್ಯೆಯ ಮೇಲೆ 'ಅಗ್ರಿಗೇಟ್' ಮಾಡಿ, ಅಂದರೆ ವಾರ್ಡ್‌ವಾರು ಕೂಡಿಸಿ. ಒಟ್ಟು ಮೊತ್ತ 2011ರ ಜನಗಣತಿಯ 84,43,675ಕ್ಕೆ ತಾಳೆಯಾಗಬೇಕು. ಕಡಿಮೆ ಬಂದರೆ ಎರಡು ನಕ್ಷೆಗಳ ನಡುವೆ ಎಲ್ಲೋ ಸಂದಿ ಉಳಿದಿದೆ ಎಂದೇ ಅರ್ಥ.

ತಾಳೆಯಾದರೂ ಮೈಮರೆಯುವಂತಿಲ್ಲ. ಜನ ವಾರ್ಡಿನ ತುಂಬ ಸಮನಾಗಿ ವಾಸವಿದ್ದಾರೆ ಎಂದು ಈ ಲೆಕ್ಕ ನಂಬುತ್ತದೆ. ಬೆಳ್ಳಂದೂರಿನ ಕಡೆ ಸುಮಾರು 900 ಎಕರೆಯ ಕೆರೆಯೇ ಇದೆ. ಹಾಗೇ ಬಿಟ್ಟರೆ ನೀರಿನ ಮೇಲೂ ಮತದಾರರು ಎದ್ದು ನಿಲ್ಲುತ್ತಾರೆ. ಕೆರೆ, ಉದ್ಯಾನ, ರಕ್ಷಣಾ ಇಲಾಖೆಯ ಜಾಗಗಳನ್ನು 'ಡಿಫರೆನ್ಸ್' ಉಪಕರಣದಿಂದ ಮೊದಲೇ ಕತ್ತರಿಸಿ ತೆಗೆದು, ವಿಸ್ತೀರ್ಣವನ್ನು ಮತ್ತೆ ಲೆಕ್ಕ ಹಾಕಬೇಕು.

ಕನ್ನಡದ ವಿಷಯದಲ್ಲಿ ತಂತ್ರಾಂಶಕ್ಕೆ ಪೂರ್ತಿ ಅಂಕ ಕೊಡಲಾಗದು, ತಪ್ಪು ಅದರದ್ದೊಂದೇ ಅಲ್ಲದಿದ್ದರೂ. ಹಳೆ ಕಡತಗಳಲ್ಲಿ ವಾರ್ಡ್ ಹೆಸರು 'ನುಡಿ' ತಂತ್ರಾಂಶದ ಆಸ್ಕಿ ಫಾಂಟ್‌ನಲ್ಲಿದ್ದರೆ ಯೂನಿಕೋಡ್‌ಗೆ ಪರಿವರ್ತಿಸುವ ತನಕ ಕೋಷ್ಟಕವನ್ನು ನಕ್ಷೆಗೆ ಜೋಡಿಸುವ 'ಜಾಯಿನ್' ಕೂಡುವುದೇ ಇಲ್ಲ. ಪರಿವರ್ತಿಸಿದ ಮೇಲೂ ಹೆಸರಿನ ಕಾಗುಣಿತ ನಂಬಬೇಡಿ, ಸಂಖ್ಯೆಯ ಮೇಲೆ ಜೋಡಿಸಿ. ಒಂದು ಕಡೆ 07, ಇನ್ನೊಂದು ಕಡೆ 7 ಇದ್ದರೆ ಅದೂ ಕೈಕೊಡುತ್ತದೆ. ಎರಡನ್ನೂ ಪೂರ್ಣಾಂಕ ಮಾಡಿಕೊಳ್ಳಿ. ಎಕ್ಸೆಲ್‌ನಿಂದ ಉಳಿಸುವಾಗ 'ಸಿಎಸ್‌ವಿ ಯುಟಿಎಫ್-8' ಆರಿಸದಿದ್ದರೆ ಅಕ್ಷರವೆಲ್ಲ ಪ್ರಶ್ನಾರ್ಥಕ ಚಿಹ್ನೆ.

ನಕ್ಷೆ ಉಳಿಸಲು ಶೇಪ್‌ಫೈಲ್ ಎಂಬ ಹಳೆ ಕಡತ ಮಾದರಿ ಅಂತೂ ಬೇಡವೇ ಬೇಡ. ಅದರಲ್ಲಿ ಕಾಲಂ ಹೆಸರಿಗೆ ಸಿಗುವುದು 10 ಬೈಟ್. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್ ಬೇಕು, ಹಾಗಾಗಿ 'ಜನಸಂಖ್ಯೆ' ಎಂಬ ತಲೆಬರಹ 'ಜನಸ' ಆಗಿ ನಿಲ್ಲುತ್ತದೆ. ಜಿಯೋಪ್ಯಾಕೇಜ್ ಎಂಬ ಹೊಸ ಮಾದರಿಗೆ ಈ ಮಿತಿಯಿಲ್ಲ, ಎಲ್ಲವೂ ಒಂದೇ ಕಡತದಲ್ಲಿ ಇರುತ್ತದೆ. ಆದರೆ ಕಚೇರಿಯ ಹಂಚಿಕೆ ಡ್ರೈವ್‌ನಲ್ಲಿಟ್ಟು ಇಬ್ಬರು ಏಕಕಾಲಕ್ಕೆ ತಿದ್ದಲು ಹೋದರೆ ಅದು ಲಾಕ್ ಆಗುತ್ತದೆ. ನಾಲ್ಕೈದು ಜನರ ತಂಡವಿದ್ದರೆ ಹಲವರು ಒಟ್ಟಿಗೆ ತಿದ್ದಬಹುದಾದ ನಕ್ಷೆ-ದತ್ತಾಂಶ ಸಂಚಯ ಪೋಸ್ಟ್‌ಜಿಐಎಸ್ ಹಾಕಿಸುವುದೇ ಸರಿ. ಅದಕ್ಕೂ ದುಡ್ಡಿಲ್ಲ, ನೋಡಿಕೊಳ್ಳಲು ಒಬ್ಬರು ಬೇಕು ಅಷ್ಟೆ.

ನಕ್ಷೆ ಮುದ್ರಣ ಚೆನ್ನಾಗಿಯೇ ಬರುತ್ತದೆ.

ಎಲ್ಲಕ್ಕಿಂತ ಉಪಯೋಗಕ್ಕೆ ಬರುವ, ಯಾರೂ ತೆರೆದೇ ನೋಡದ ಭಾಗ 'ಮಾಡೆಲ್ ಡಿಸೈನರ್'. ಮೇಲಿನ ಹಂತಗಳನ್ನೆಲ್ಲ ಪೋಣಿಸಿ ಒಂದು ಮಾಡೆಲ್ ಆಗಿ ಉಳಿಸಿಟ್ಟರೆ, ನಿಯೋಜನೆ ಮೇಲೆ ಬಂದವರು ವರ್ಗವಾಗಿ ಹೋದಾಗ ಅವರ ಜೊತೆ ಲೆಕ್ಕದ ವಿಧಾನವೂ ಹೋಗುವುದಿಲ್ಲ. ತರಬೇತಿಗೆ ಹಣ ಇಡುವ ಪಾಲಿಕೆ ಎರಡನೇ ದಿನವನ್ನು ಪೂರ್ತಿ ಇದಕ್ಕೇ ಮೀಸಲಿಡಲಿ. ನಕ್ಷೆಗೆ ಬಣ್ಣ ತುಂಬುವ ಪಾಠ ಅರ್ಧ ಗಂಟೆಗೆ ಮುಗಿಯುತ್ತದೆ.